ಕರ್ನಾಟಕದಲ್ಲಿ ಕಥೋಲಿಕ ಸೇವಾಕಾರ್ಯ

ಕರ್ನಾಟಕದಲ್ಲಿ ಕಥೋಲಿಕ ಸೇವಾಕಾರ್ಯ ಎಂಬುದು ರಾಜ್ಯದಲ್ಲಿನ ಕಥೋಲಿಕ ಧರ್ಮಸಭೆಯ ಧರ್ಮಕ್ಷೇತ್ರಗಳು, ಗುರುಗಳ ಹಾಗೂ ಕನ್ಯಾಸ್ತ್ರೀಯರ ಸಂಘಗಳು ಮತ್ತು ಗೃಹಸ್ಥ ಭಕ್ತರ ಸಂಸ್ಥೆಗಳು ನಡೆಸಿಕೊಂಡು ಬಂದಿರುವ ಆರೋಗ್ಯ, ಅನಾಥ ಪಾಲನೆ, ವೃದ್ಧಾಶ್ರಮ, ಕುಷ್ಠರೋಗಿಗಳ ಪುನರ್ವಸತಿ, ಬರ ಪರಿಹಾರ ಮತ್ತು ಗ್ರಾಮಾಭಿವೃದ್ಧಿ ಕಾರ್ಯಗಳನ್ನು ಒಟ್ಟಾಗಿ ಸೂಚಿಸುತ್ತದೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಎಲ್ಲ ಪಂಗಡಗಳ ಕ್ರೈಸ್ತರ ಪಾಲು ಶೇ. 1.87 ಮಾತ್ರ. ಆದುದರಿಂದ ಈ ಸಂಸ್ಥೆಗಳ ಆಸ್ಪತ್ರೆಗಳಿಗೂ ಆಶ್ರಯಧಾಮಗಳಿಗೂ ಬರುವವರಲ್ಲಿ ಬಹುಪಾಲು ಜನರು ಅನ್ಯಧರ್ಮೀಯರೇ ಆಗಿರುತ್ತಾರೆ. ಈ ಸೇವೆಯ ಸಾರ್ವಜನಿಕ ಸ್ಥಾನವನ್ನು ರೂಪಿಸಿರುವ ಮುಖ್ಯ ಸಂಗತಿ ಇದೇ. ಧಾರ್ಮಿಕ ಪ್ರೇರಣೆಯಿಂದ ನಡೆಯುವ ಸಂಸ್ಥೆಯೊಂದು ತನ್ನ ಧರ್ಮಕ್ಕೆ ಸೇರದ ಜನರ ನಂಬಿಕೆಯನ್ನು ಗಳಿಸಿ ಉಳಿಸಿಕೊಳ್ಳಬೇಕಾಗುತ್ತದೆ. ಹಾಗೆಯೇ ಸರ್ಕಾರದೊಡನೆ ಸಹಕಾರ ಮತ್ತು ನಿಯಂತ್ರಣ ಎರಡನ್ನೂ ಒಳಗೊಂಡ ಸಂಬಂಧವನ್ನು ಇರಿಸಿಕೊಳ್ಳಬೇಕಾಗುತ್ತದೆ.

ಧಾರ್ಮಿಕ ಹಿನ್ನೆಲೆ

ಕಥೋಲಿಕ ಸಂಪ್ರದಾಯದಲ್ಲಿ ಏಳು ಶಾರೀರಿಕ ದಯಾಕಾರ್ಯಗಳನ್ನು ಎಣಿಸಲಾಗುತ್ತದೆ. ಹಸಿದವರಿಗೆ ಉಣಿಸುವುದು, ಬಾಯಾರಿದವರಿಗೆ ನೀರು ಕೊಡುವುದು, ಬಟ್ಟೆಯಿಲ್ಲದವರಿಗೆ ಉಡಿಸುವುದು, ನೆಲೆಯಿಲ್ಲದವರಿಗೆ ಆಶ್ರಯ ನೀಡುವುದು, ರೋಗಿಗಳನ್ನು ಆರೈಕೆ ಮಾಡುವುದು, ಸೆರೆಯಲ್ಲಿರುವವರನ್ನು ಸಂಧಿಸುವುದು ಮತ್ತು ಸತ್ತವರನ್ನು ಮಣ್ಣು ಮಾಡುವುದು ಎಂಬುವೇ ಆ ಏಳು. ಇವುಗಳಲ್ಲಿ ಮೊದಲ ಆರಕ್ಕೆ ಮತ್ತಾಯನ ಶುಭಸಂದೇಶದ 25ನೆಯ ಅಧ್ಯಾಯವು ಆಧಾರವಾಗಿದೆ. 1891ರಲ್ಲಿ ಹದಿಮೂರನೆಯ ಲಿಯೋ ಜಗದ್ಗುರುಗಳು ಪ್ರಕಟಿಸಿದ ‘ರೇರುಂ ನೊವಾರುಂ’ ಎಂಬ ವಿಶ್ವಪತ್ರವು ಕಾರ್ಮಿಕರ ನ್ಯಾಯವಾದ ಕೂಲಿ ಮತ್ತು ಸಂಘಟನೆಯ ಹಕ್ಕನ್ನು ಎತ್ತಿಹಿಡಿಯಿತು. ಅಲ್ಲಿಂದ ಮುಂದೆ ಭಿಕ್ಷೆ ನೀಡುವುದಷ್ಟೇ ಸಾಲದು, ಬಡತನದ ಕಾರಣಗಳನ್ನೂ ನಿವಾರಿಸಬೇಕು ಎಂಬ ಸಾಮಾಜಿಕ ಚಿಂತನೆ ಧರ್ಮಸಭೆಯಲ್ಲಿ ಬಲಗೊಂಡಿತು. ಎರಡನೆಯ ವ್ಯಾಟಿಕನ್ ಮಹಾಸಭೆಯು (1962–65) ಅದನ್ನು ಇನ್ನಷ್ಟು ವಿಸ್ತರಿಸಿತು. ಹದಿನಾರನೆಯ ಬೆನೆಡಿಕ್ಟರ 2005ರ ದಿನಾಂಕವುಳ್ಳ ‘ದೇವುಸ್ ಕಾರಿತಾಸ್ ಎಸ್ತ್’ ಎಂಬ ವಿಶ್ವಪತ್ರವು ದಯಾಕಾರ್ಯವನ್ನು ಮತಾಂತರದ ಸಾಧನವಾಗಿ ಬಳಸಬಾರದೆಂದು ಸ್ಪಷ್ಟವಾಗಿ ವಿಧಿಸಿದೆ. ಕರ್ನಾಟಕದಲ್ಲಿ ಈ ವಿಷಯ ಮತ್ತೆ ಮತ್ತೆ ಚರ್ಚೆಗೆ ಬಂದಿರುವುದರಿಂದ ಈ ವಿಧಿಗೆ ಇಲ್ಲಿ ವಿಶೇಷ ಮಹತ್ತ್ವವಿದೆ.

ಕರ್ನಾಟಕಕ್ಕೆ ಧಾರ್ಮಿಕ ಸಂಸ್ಥೆಗಳ ಸಾರ್ವಜನಿಕ ಸೇವೆ ಹೊಸತಲ್ಲ. ಶರಣರ ದಾಸೋಹ, ಮಠಗಳ ಅನ್ನಸತ್ರ ಮತ್ತು ಉಚಿತ ವಿದ್ಯಾರ್ಥಿನಿಲಯಗಳು, ಅನ್ನ, ಔಷಧ, ವಿದ್ಯೆ, ಅಭಯ ಎಂಬ ಧರ್ಮಸ್ಥಳದ ಚತುರ್ವಿಧ ದಾನ ಇವೆಲ್ಲ ಜನಜೀವನದಲ್ಲಿ ಬೇರೂರಿದ ಪರಂಪರೆಗಳು. ಕಥೋಲಿಕ ಸಂಸ್ಥೆಗಳು ಈ ಪರಂಪರೆಗಳ ಪಕ್ಕದಲ್ಲಿ ಬೆಳೆದವು. ಕುಷ್ಠರೋಗಿಗಳಂತೆ ಸಮಾಜವು ದೂರವಿರಿಸಿದವರನ್ನು ಅವು ತಮ್ಮ ಮುಖ್ಯ ಕಾರ್ಯಕ್ಷೇತ್ರಗಳಲ್ಲೊಂದನ್ನಾಗಿ ಮಾಡಿಕೊಂಡವು.

ಸಂಘಟನೆ

ರಾಜ್ಯದಲ್ಲಿ ಲತೀನ್ ವಿಧಿಯ ಹತ್ತು ಧರ್ಮಕ್ಷೇತ್ರಗಳಿವೆ: ಬೆಂಗಳೂರು ಮಹಾಧರ್ಮಕ್ಷೇತ್ರ, ಮೈಸೂರು, ಮಂಗಳೂರು, ಉಡುಪಿ, ಚಿಕ್ಕಮಗಳೂರು, ಶಿವಮೊಗ್ಗ, ಕಾರವಾರ, ಬೆಳಗಾವಿ, ಬಳ್ಳಾರಿ ಮತ್ತು ಕಲಬುರಗಿ. ಇವಲ್ಲದೆ ಬೆಳ್ತಂಗಡಿ, ಭದ್ರಾವತಿ ಮತ್ತು ಮಂಡ್ಯದಲ್ಲಿ ಸಿರೊ ಮಲಬಾರ್ ವಿಧಿಯ, ಪುತ್ತೂರಿನಲ್ಲಿ ಸಿರೊ ಮಲಂಕರ ವಿಧಿಯ ಧರ್ಮಕ್ಷೇತ್ರಗಳಿವೆ. ಸೇವಾಸಂಸ್ಥೆಗಳೆಲ್ಲವೂ ಒಂದೇ ಆಡಳಿತಕ್ಕೆ ಒಳಪಟ್ಟಿಲ್ಲ. ಕೆಲವು ನೇರವಾಗಿ ಧರ್ಮಾಧ್ಯಕ್ಷರ ಅಧೀನದಲ್ಲಿವೆ. ಹಲವನ್ನು ಸ್ವತಂತ್ರ ಧಾರ್ಮಿಕ ಸಂಘಗಳು ನಡೆಸುತ್ತವೆ. ಇನ್ನು ಕೆಲವು ನೋಂದಾಯಿತ ಸೊಸೈಟಿ ಅಥವಾ ಟ್ರಸ್ಟುಗಳಾಗಿವೆ. ಹೀಗಾಗಿ ಒಂದೇ ಊರಿನ ಎರಡು ಕಥೋಲಿಕ ಸಂಸ್ಥೆಗಳ ಹಣಕಾಸು, ಆಡಳಿತ ಮಂಡಳಿ ಮತ್ತು ನೇಮಕಾತಿ ಪರಸ್ಪರ ಸಂಬಂಧವಿಲ್ಲದೆ ಇರಬಹುದು.

ಗ್ರಾಮಾಭಿವೃದ್ಧಿಗಾಗಿ ಧರ್ಮಕ್ಷೇತ್ರಗಳು ಸಮಾಜಸೇವಾ ಸಂಸ್ಥೆಗಳನ್ನು ಹೊಂದಿವೆ. ರಾಷ್ಟ್ರಮಟ್ಟದಲ್ಲಿ ಈ ಕೆಲಸವನ್ನು ಸಮನ್ವಯಗೊಳಿಸುವ ಕಾರಿತಾಸ್ ಇಂಡಿಯಾ 1962ರಲ್ಲಿ ಸ್ಥಾಪನೆಗೊಂಡಿತು. ಧರ್ಮಕೇಂದ್ರಗಳ ಮಟ್ಟದಲ್ಲಿ ಗೃಹಸ್ಥರು ನಡೆಸುವ ಸಂತ ವಿನ್ಸೆಂಟ್ ಡಿ ಪಾಲ್ ಸಭೆಯು ಬಡ ಕುಟುಂಬಗಳ ಮನೆಗಳಿಗೆ ಭೇಟಿ ನೀಡಿ ನೆರವಾಗುವ ಹಳೆಯ ವ್ಯವಸ್ಥೆಯಾಗಿದೆ. ಈ ಸಭೆಯು 1833ರಲ್ಲಿ ಪ್ಯಾರಿಸಿನಲ್ಲಿ ಆರಂಭವಾಯಿತು.

ಇತಿಹಾಸ

ಅಬ್ಬೆ ದ್ಯುಬುವಾ ಮತ್ತು ಸಿಡುಬಿನ ಲಸಿಕೆ

ಮೈಸೂರು ಸೀಮೆಯ ಕಥೋಲಿಕ ಸೇವೆಯಲ್ಲಿ ದಾಖಲೆಯುಳ್ಳ ಆರಂಭಿಕ ಘಟ್ಟಗಳಲ್ಲೊಂದು ಫ್ರೆಂಚ್ ಪಾದ್ರಿ ಅಬ್ಬೆ ಜೆ. ಎ. ದ್ಯುಬುವಾ ಅವರದು. ಪ್ಯಾರಿಸಿನ ವಿದೇಶಿ ಮಿಷನ್ ಸಂಘಕ್ಕೆ ಸೇರಿದ ಇವರು 1792ರಲ್ಲಿ ಭಾರತಕ್ಕೆ ಹೊರಟು ಬಂದರು. 1799ರಲ್ಲಿ ಶ್ರೀರಂಗಪಟ್ಟಣದ ಪತನವಾದ ಬಳಿಕ ಮೈಸೂರು ಪ್ರಾಂತ್ಯದಲ್ಲಿ ನೆಲೆಸಿದರು. ಯುದ್ಧಗಳಿಂದ ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಒಟ್ಟುಗೂಡಿಸಿ ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆಯೊಂದನ್ನು ಏರ್ಪಡಿಸಿದರು. ಎಡ್ವರ್ಡ್ ಜೆನ್ನರ್ 1798ರಲ್ಲಿ ಪ್ರಕಟಿಸಿದ ಸಿಡುಬಿನ ಲಸಿಕೆಯನ್ನು ಮೈಸೂರಿನಲ್ಲಿ ಪ್ರಚಾರಕ್ಕೆ ತರುವುದರಲ್ಲಿ ಅವರು ಮುಖ್ಯ ಪಾತ್ರ ವಹಿಸಿದರು. 1803–04ರ ಅವಧಿಯಲ್ಲಿ ಅವರ ಮೇಲ್ವಿಚಾರಣೆಯಲ್ಲಿ 25,432 ಜನರಿಗೆ ಲಸಿಕೆ ಹಾಕಲಾಯಿತೆಂದು ದಾಖಲಾಗಿದೆ. ಸಿಡುಬನ್ನು ಅಮ್ಮನೆಂದು ಪೂಜಿಸುತ್ತಿದ್ದ ನಾಡಿನಲ್ಲಿ, ಹಸುವಿನ ಸಿಡುಬಿನಿಂದ ತೆಗೆದ ಪದಾರ್ಥವನ್ನು ತೋಳಿಗೆ ಚುಚ್ಚಿಸಿಕೊಳ್ಳಲು ಜನರನ್ನು ಒಪ್ಪಿಸುವುದು ಸುಲಭವಾಗಿರಲಿಲ್ಲ. ಜನರ ನಡೆನುಡಿಗಳನ್ನು ಅಳವಡಿಸಿಕೊಂಡು ಅವರ ನಡುವೆಯೇ ಬಾಳುತ್ತಿದ್ದುದು ದ್ಯುಬುವಾ ಅವರಿಗೆ ನೆರವಾಯಿತು.

1823ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ನಿವೃತ್ತಿ ವೇತನ ಪಡೆದು ಅವರು ಫ್ರಾನ್ಸಿಗೆ ಮರಳಿದರು. ಅದೇ ವರ್ಷ ಪ್ರಕಟವಾದ ತಮ್ಮ ಪತ್ರಗಳ ಗ್ರಂಥದಲ್ಲಿ ಹಿಂದೂಗಳನ್ನು ಕ್ರೈಸ್ತ ಮತಕ್ಕೆ ತರುವ ಪ್ರಯತ್ನ ಫಲಿಸಲಾರದು ಎಂಬ ಅಭಿಪ್ರಾಯವನ್ನು ಬಹಿರಂಗವಾಗಿ ಮಂಡಿಸಿದರು. ಲಸಿಕೆಯ ಕೆಲಸದಲ್ಲಿ ಯಶಸ್ಸು ಕಂಡ ಪಾದ್ರಿಯೇ ಮತಪ್ರಚಾರದ ವಿಷಯದಲ್ಲಿ ಇಂಥ ನಿರ್ಣಯಕ್ಕೆ ಬಂದುದು ಸಮಕಾಲೀನ ಮಿಷನರಿಗಳಲ್ಲಿ ತೀವ್ರ ವಾದವಿವಾದಕ್ಕೆ ಎಡೆಮಾಡಿತು.

ಧಾತು ವರ್ಷದ ಬರ

1876–78ರ ಮಹಾಕ್ಷಾಮವನ್ನು ಹಳೆಯ ಮೈಸೂರಿನ ಜನರು ಧಾತು ವರ್ಷದ ಬರವೆಂದು ಕರೆಯುತ್ತಿದ್ದರು. 1871ರ ಗಣತಿಯಲ್ಲಿ 50,55,412ರಷ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ 41,86,188ಕ್ಕೆ ಇಳಿದಿತ್ತು. ಬಯಲುಸೀಮೆಯ ಜಿಲ್ಲೆಗಳು ಹೆಚ್ಚು ಹಾನಿಗೊಳಗಾದವು. ತುಮಕೂರು ಅವುಗಳಲ್ಲಿ ಒಂದು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳ ಪೋಷಣೆಯ ಹೊಣೆಯನ್ನು ಸರ್ಕಾರದೊಂದಿಗೆ ಕಥೋಲಿಕ ಮತ್ತು ಪ್ರಾಟೆಸ್ಟಂಟ್ ಮಿಷನ್‌ಗಳೂ ವಹಿಸಿಕೊಂಡವು. ಕಥೋಲಿಕ ಮಿಷನ್ ಈ ಮಕ್ಕಳನ್ನು ಅನಾಥಾಲಯಗಳಲ್ಲಿ ಬೆಳೆಸಿ, ಪ್ರಾಯಕ್ಕೆ ಬಂದ ಮೇಲೆ ಬೇಸಾಯದ ಹಳ್ಳಿಗಳಲ್ಲಿ ನೆಲೆಗೊಳಿಸಿತು. ನೆಲಮಂಗಲ ಸೀಮೆಯ ಸಿಲುವೆಪುರ ಮತ್ತು ಕನಕಪುರ ಸೀಮೆಯ ಮರಿಯಾಪುರ ಹೀಗೆ ಹುಟ್ಟಿದ ಊರುಗಳು. ಊರಿನ ಹೆಸರಿನಲ್ಲಿರುವ ‘ಸಿಲುವೆ’ ಎಂಬ ಪದವು ಶಿಲುಬೆಯ ಇನ್ನೊಂದು ರೂಪವಾಗಿದೆ.

ಈ ಘಟ್ಟವನ್ನು ಇತಿಹಾಸಕಾರರು ಎರಡು ಬಗೆಯಲ್ಲಿ ನೋಡುತ್ತಾರೆ. ಸಾವಿನಿಂದ ಪಾರಾದ ಮಕ್ಕಳಿಗೆ ಅನ್ನ, ಕಸುಬು ಮತ್ತು ಜಮೀನು ದೊರಕಿದುದು ಒಂದು ಮುಖ. ಆ ಮಕ್ಕಳು ತಮ್ಮನ್ನು ಸಾಕಿದ ಸಂಸ್ಥೆಯ ಧರ್ಮದಲ್ಲಿಯೇ ಬೆಳೆದುದು ಇನ್ನೊಂದು ಮುಖ. ಸೇವೆ ಮತ್ತು ಮತಾಂತರಗಳ ನಡುವಣ ಸಂಬಂಧದ ಬಗೆಗೆ ಮುಂದೆ ಎದ್ದ ಪ್ರಶ್ನೆಗಳ ಬೇರುಗಳು ಈ ಕಾಲದಲ್ಲಿಯೂ ಇವೆ.

ಕಂಕನಾಡಿಯ ಮುಲ್ಲರ್ ಸಂಸ್ಥೆಗಳು

ಇಟಲಿಯ ಯೇಸುಸಭೆಯ ಗುರುಗಳು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಬಂದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಈ ತಂಡದೊಂದಿಗೆ ಸೇರಿದ ಜರ್ಮನ್ ಗುರು ಅಗಸ್ಟಸ್ ಮುಲ್ಲರ್ (1841–1910) ಬೋಧನೆಯ ಜತೆಗೆ ಹೋಮಿಯೋಪಥಿ ಔಷಧಗಳನ್ನು ವಿದ್ಯಾರ್ಥಿಗಳಿಗೂ ಬಡವರಿಗೂ ಕೊಡತೊಡಗಿದರು. ಅವರು ವೃತ್ತಿಯಿಂದ ವೈದ್ಯರಾಗಿರಲಿಲ್ಲ. ಕೇಳಿಬರುವವರ ಸಂಖ್ಯೆ ಹೆಚ್ಚಿದಂತೆ ಕಂಕನಾಡಿಯ ಗುಡ್ಡದ ಮೇಲೆ ಔಷಧಾಲಯವು ನೆಲೆಗೊಂಡಿತು. 1890ರಲ್ಲಿ ಸಂತ ಜೋಸೆಫರ ಹೆಸರಿನ ಕುಷ್ಠರೋಗಿಗಳ ಆಶ್ರಮವನ್ನು ತೆರೆದರು. ಅನಂತರ ಒಳರೋಗಿಗಳಿಗಾಗಿ ಆಸ್ಪತ್ರೆ ಬೆಳೆಯಿತು. 1902ರಲ್ಲಿ ಮಂಗಳೂರಿಗೆ ಪ್ಲೇಗು ಹರಡಿದಾಗ ಪ್ರತ್ಯೇಕ ಪ್ಲೇಗು ಆಸ್ಪತ್ರೆಯನ್ನೂ ನಡೆಸಿದರು.

ಮುಲ್ಲರ್ ಸಂಸ್ಥೆಯ ಹಣಕಾಸಿನ ವ್ಯವಸ್ಥೆ ಗಮನಾರ್ಹವಾದುದು. ಅವರು ಔಷಧಗಳನ್ನು ತಯಾರಿಸಿ ದೇಶದ ನಾನಾ ಭಾಗಗಳಿಗೆ ಅಂಚೆಯ ಮೂಲಕ ಕಳುಹಿಸುತ್ತಿದ್ದರು. ಆ ಮಾರಾಟದ ಆದಾಯದಿಂದ ಕುಷ್ಠರೋಗಿಗಳ ಆಶ್ರಮವೂ ಬಡವರ ಔಷಧಾಲಯವೂ ನಡೆಯುತ್ತಿದ್ದವು. ಹೀಗೆ ದಾನವನ್ನೇ ಪೂರ್ತಿ ನೆಚ್ಚಿಕೊಳ್ಳದೆ ಸ್ವಂತ ದುಡಿಮೆಯಿಂದ ಧರ್ಮಕಾರ್ಯವನ್ನು ನಡೆಸುವ ಮಾದರಿಯೊಂದು ರೂಪುಗೊಂಡಿತು. 1907ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಪದಕವನ್ನು ನೀಡಿತು. 1910ರ ನವೆಂಬರ್ 1ರಂದು ಅವರು ನಿಧನರಾದರು. ಹೋಮಿಯೋಪಥಿಯ ಪರಿಣಾಮಕಾರಿತ್ವವನ್ನು ಆಧುನಿಕ ವೈಜ್ಞಾನಿಕ ಪರೀಕ್ಷೆಗಳು ಸಮರ್ಥಿಸಿಲ್ಲವಾದರೂ, ಊರಿನಿಂದ ಹೊರಹಾಕಲ್ಪಟ್ಟ ರೋಗಿಗಳಿಗೆ ಸೂರು, ಆಹಾರ, ಗಾಯಗಳ ಶುಶ್ರೂಷೆ ಮತ್ತು ಮನುಷ್ಯ ಸಂಪರ್ಕ ದೊರಕಿದುದು ಆ ಕಾಲದಲ್ಲಿ ಸಣ್ಣ ಸಂಗತಿಯಾಗಿರಲಿಲ್ಲ. ಕಾಲಾನಂತರ ಈ ಸಂಸ್ಥೆ ಆಧುನಿಕ ವೈದ್ಯಪದ್ಧತಿಯ ದೊಡ್ಡ ಆಸ್ಪತ್ರೆಯಾಗಿ ಬೆಳೆದು, 1985ರಲ್ಲಿ ಹೋಮಿಯೋಪಥಿ ಕಾಲೇಜನ್ನೂ 1999ರಲ್ಲಿ ವೈದ್ಯಕೀಯ ಕಾಲೇಜನ್ನೂ ಆರಂಭಿಸಿತು.

ಬೆಂಗಳೂರಿನ ಸಂಸ್ಥೆಗಳು

ಗುಡ್ ಶೆಪರ್ಡ್ ಸಂಘದ ಕನ್ಯಾಸ್ತ್ರೀಯರು 1854ರಲ್ಲಿ ಬೆಂಗಳೂರಿಗೆ ಬಂದರು. ಅವರು 1886ರಲ್ಲಿ ಆರಂಭಿಸಿದ ಸಂತ ಮಾರ್ತಾ ಆಸ್ಪತ್ರೆಯು ಈಗಿನ ನೃಪತುಂಗ ರಸ್ತೆಯಲ್ಲಿದೆ. ದಾದಿಯರ ತರಬೇತಿಯೂ ಇಲ್ಲಿ ಬೆಳೆಯಿತು. 1900ರಲ್ಲಿ ‘ಬಡವರ ಚಿಕ್ಕ ಸೋದರಿಯರು’ ಎಂಬ ಸಂಘವು ಬೆಂಗಳೂರಿನಲ್ಲಿ ನಿರ್ಗತಿಕ ವೃದ್ಧರ ಆಶ್ರಮವನ್ನು ಆರಂಭಿಸಿತು. 1839ರಲ್ಲಿ ಫ್ರಾನ್ಸಿನಲ್ಲಿ ಜಾನ್ ಜುಗಾನ್ ಎಂಬ ಮಹಿಳೆ ಆರಂಭಿಸಿದ ಈ ಸಂಘವು ಸ್ಥಿರ ಆದಾಯವನ್ನು ಇರಿಸಿಕೊಳ್ಳದೆ, ಅಂದಂದಿನ ಅಗತ್ಯಕ್ಕೆ ಜನರಿಂದ ಬೇಡಿ ತಂದು ವೃದ್ಧರನ್ನು ಪೋಷಿಸುವ ನಿಯಮವನ್ನು ಪಾಲಿಸುತ್ತದೆ. ಕಂತೆಭಿಕ್ಷೆ, ಮಧುಕರವೃತ್ತಿಗಳನ್ನು ಬಲ್ಲ ನಾಡಿನ ಜನರಿಗೆ ಈ ಪದ್ಧತಿ ಪರಕೀಯವಾಗಿ ಕಾಣುವಂಥದಲ್ಲ.

ಮೈಸೂರು ಸಂಸ್ಥಾನದ ಆಡಳಿತದಲ್ಲಿ ಕಥೋಲಿಕರು ಉನ್ನತ ಸ್ಥಾನಗಳಲ್ಲಿ ಇದ್ದುದು ಧರ್ಮಸಭೆ ಮತ್ತು ಅರಮನೆಗಳ ಸಂಬಂಧವನ್ನು ಗಟ್ಟಿಗೊಳಿಸಿತು. ಟಿ. ಆರ್. ಎ. ತಂಬೂಚೆಟ್ಟಿಯವರು ಚೀಫ್ ಕೋರ್ಟಿನ ನ್ಯಾಯಾಧೀಶರಾಗಿದ್ದುದಲ್ಲದೆ ಹಂಗಾಮಿ ದಿವಾನರಾಗಿಯೂ ಕಾರ್ಯ ನಿರ್ವಹಿಸಿದರು. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಸ್ತಿಭಾರ ಹಾಕಿದರು.

ಕನ್ಯಾಸ್ತ್ರೀಯರ ಪಾತ್ರ

ಸೇವಾಸಂಸ್ಥೆಗಳ ದೈನಂದಿನ ಕೆಲಸವನ್ನು ಹೊತ್ತವರು ಬಹುಮಟ್ಟಿಗೆ ಕನ್ಯಾಸ್ತ್ರೀಯರು. ಮಂಗಳೂರು ಈ ಸಂಘಗಳ ದೊಡ್ಡ ತವರಾಗಿದೆ. ಅಪೊಸ್ತಲಿಕ್ ಕಾರ್ಮೆಲ್ ಸಂಘದ ಸೋದರಿಯರು 1870ರಲ್ಲಿ ಇಲ್ಲಿಗೆ ಬಂದರು. ಉರ್ಸುಲೈನ್ ಫ್ರಾನ್ಸಿಸ್ಕನ್ ಸಂಘವು 1887ರಲ್ಲಿ ಮಂಗಳೂರಿನಲ್ಲಿಯೇ ಹುಟ್ಟಿತು. 1898ರಲ್ಲಿ ಇಟಲಿಯ ‘ಸಿಸ್ಟರ್ಸ್ ಆಫ್ ಚಾರಿಟಿ’ ಸಂಘದವರು ಜೆಪ್ಪುವಿನ ಆಶ್ರಮಗಳ ಸೇವೆಗೆ ಬಂದರು. 1921ರಲ್ಲಿ ಮಾನ್ಸಿಞೊರ್ ಆರ್. ಎಫ್. ಸಿ. ಮಸ್ಕರೇನ್ಹಸ್ ಅವರು ಬೆಥನಿ ಸಂಘವನ್ನು ಸ್ಥಾಪಿಸಿದರು. ಅದು ಹಳ್ಳಿಗಳ ಹೆಣ್ಣುಮಕ್ಕಳ ಶಿಕ್ಷಣಕ್ಕೆ ಗಮನ ಕೊಟ್ಟಿತು.

ಆದರೆ ಆಸ್ಪತ್ರೆಗಳನ್ನು ನಡೆಸುತ್ತಿದ್ದ ಕನ್ಯಾಸ್ತ್ರೀಯರಿಗೆ ಬಹುಕಾಲ ಪೂರ್ಣ ಪ್ರಮಾಣದ ವೈದ್ಯವೃತ್ತಿಗೆ, ವಿಶೇಷವಾಗಿ ಹೆರಿಗೆ ಮಾಡಿಸುವ ಕೆಲಸಕ್ಕೆ ಧರ್ಮಸಭೆಯ ನಿಯಮಗಳೇ ಅಡ್ಡಿಯಾಗಿದ್ದವು. ಗಂಡು ವೈದ್ಯರಿಂದ ಹೆರಿಗೆ ಮಾಡಿಸಿಕೊಳ್ಳಲು ಹೆಂಗಸರು ಒಪ್ಪದ ಸಮಾಜದಲ್ಲಿ ಇದರ ಪರಿಣಾಮ ಗಂಭೀರವಾಗಿತ್ತು. 1936ರ ಫೆಬ್ರವರಿಯಲ್ಲಿ ವ್ಯಾಟಿಕನ್ ಹೊರಡಿಸಿದ ‘ಕಾನ್‌ಸ್ತಾನ್ಸ್ ಆಕ್ ಸೆದುಲಾ’ ಎಂಬ ಆದೇಶವು ಈ ಅಡ್ಡಿಯನ್ನು ತೆಗೆದುಹಾಕಿತು. ಭಾರತದಂಥ ದೇಶಗಳಲ್ಲಿನ ತಾಯಂದಿರ ಮತ್ತು ಶಿಶುಗಳ ಮರಣದ ಬಗೆಗೆ ಮಹಿಳಾ ವೈದ್ಯರು ಎತ್ತಿದ ದನಿಯೂ ಈ ಬದಲಾವಣೆಯ ಹಿಂದಿತ್ತು. ಆಸ್ಟ್ರೇಲಿಯದಿಂದ ಗುಂಟೂರಿಗೆ ಬಂದ ವೈದ್ಯೆ ಮತ್ತು ಕನ್ಯಾಸ್ತ್ರೀ ಮೇರಿ ಗ್ಲೌರಿಯವರು 1943ರಲ್ಲಿ ಕಥೋಲಿಕ ಆಸ್ಪತ್ರೆಗಳ ಅಖಿಲ ಭಾರತ ಸಂಘವನ್ನು ಕಟ್ಟಿದರು. ಕಥೋಲಿಕ ವೈದ್ಯಕೀಯ ಕಾಲೇಜೊಂದು ಬೇಕೆಂಬ ಬೇಡಿಕೆ ಬೆಳೆದುದು ಈ ವಲಯದಲ್ಲಿಯೇ.

ಸ್ವಾತಂತ್ರ್ಯಾನಂತರ

ಸಂತ ಯೊವಾನ್ನರ ವೈದ್ಯಕೀಯ ಕಾಲೇಜು

ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಆಶ್ರಯದಲ್ಲಿ 1963ರಲ್ಲಿ ಬೆಂಗಳೂರಿನಲ್ಲಿ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಆರಂಭವಾಯಿತು. 1964ರ ಡಿಸೆಂಬರಿನಲ್ಲಿ ಮುಂಬಯಿಗೆ ಬಂದಿದ್ದ ಆರನೆಯ ಪೌಲ್ ಜಗದ್ಗುರುಗಳು ಇದರ ಅಸ್ತಿಭಾರದ ಶಿಲೆಯನ್ನು ಆಶೀರ್ವದಿಸಿದರು. ಬೋಧನಾ ಆಸ್ಪತ್ರೆಯು 1975ರಲ್ಲಿ ಕಾರ್ಯಾರಂಭ ಮಾಡಿತು. ವೈದ್ಯರಿಲ್ಲದ ಹಳ್ಳಿಗಾಡಿನ ಆಸ್ಪತ್ರೆಗಳಿಗೆ ವೈದ್ಯರನ್ನು ಒದಗಿಸುವುದು ಕಾಲೇಜಿನ ಘೋಷಿತ ಉದ್ದೇಶಗಳಲ್ಲೊಂದು. ಪದವಿ ಪಡೆದವರು ಗ್ರಾಮೀಣ ಅಥವಾ ಹಿಂದುಳಿದ ಪ್ರದೇಶದಲ್ಲಿ ಎರಡು ವರ್ಷ ಸೇವೆ ಸಲ್ಲಿಸಬೇಕೆಂಬ ಕರಾರು ಇದರಿಂದ ಬಂದುದು.

ಸುಮನಹಳ್ಳಿ

ಬೆಂಗಳೂರಿನ ಮಾಗಡಿ ರಸ್ತೆಯಲ್ಲಿರುವ ಸುಮನಹಳ್ಳಿಯು ಸರ್ಕಾರ ಮತ್ತು ಧರ್ಮಸಭೆಗಳ ಸಹಕಾರಕ್ಕೆ ಸ್ಪಷ್ಟವಾದ ಉದಾಹರಣೆ. 1970ರ ದಶಕದಲ್ಲಿ ನಗರದ ಬೀದಿಗಳಲ್ಲಿ ಭಿಕ್ಷೆ ಬೇಡುತ್ತಿದ್ದ ಕುಷ್ಠರೋಗಿಗಳ ಪುನರ್ವಸತಿಗಾಗಿ ರಾಜ್ಯ ಸರ್ಕಾರವು ಬೆಂಗಳೂರು ಮಹಾಧರ್ಮಕ್ಷೇತ್ರದ ನೆರವನ್ನು ಕೋರಿ ಜಮೀನನ್ನು ಗುತ್ತಿಗೆಗೆ ನೀಡಿತು. ಧಾರ್ಮಿಕ ಸಂಘಗಳ ಸದಸ್ಯರು ಒಟ್ಟುಗೂಡಿ ಸುಮನಹಳ್ಳಿ ಸೊಸೈಟಿಯನ್ನು ಕಟ್ಟಿ ಚಿಕಿತ್ಸೆ, ಕಸುಬುಗಳ ತರಬೇತಿ, ಮಕ್ಕಳ ಶಿಕ್ಷಣಗಳನ್ನು ಆರಂಭಿಸಿದರು. ಒಳ್ಳೆಯ ಮನಸ್ಸಿನವರ ಹಳ್ಳಿ ಎಂಬ ಅರ್ಥದ ಈ ಹೆಸರು ಇಂದು ಆ ಬಡಾವಣೆಗೂ ಮೇಲ್ಸೇತುವೆಗೂ ಅಂಟಿಕೊಂಡಿದೆ.

1980ರ ದಶಕದಲ್ಲಿ ಬಹು ಔಷಧ ಚಿಕಿತ್ಸೆ ಬಳಕೆಗೆ ಬಂದು ಕುಷ್ಠರೋಗವು ಪೂರ್ತಿ ಗುಣವಾಗುವ ಕಾಯಿಲೆಯಾಯಿತು. ಹತ್ತು ಸಾವಿರ ಜನರಲ್ಲಿ ಒಬ್ಬರಿಗಿಂತ ಕಡಿಮೆ ರೋಗಿಗಳು ಎಂಬ ಗುರಿಯನ್ನು ಭಾರತವು 2005ರ ಡಿಸೆಂಬರಿನಲ್ಲಿ ತಲುಪಿತು. ಆದರೆ ರೋಗ ವಾಸಿಯಾದರೂ ಕಳಂಕ ವಾಸಿಯಾಗಲಿಲ್ಲ. ರೋಗಿಗಳನ್ನು ಪ್ರತ್ಯೇಕವಾಗಿರಿಸಲು ಅವಕಾಶವಿದ್ದ 1898ರ ಕುಷ್ಠರೋಗಿಗಳ ಕಾಯಿದೆ ರದ್ದಾದುದು 2016ರಲ್ಲಿ. ಕುಷ್ಠರೋಗವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ತೆಗೆದುದು 2019ರಲ್ಲಿ. ಬೆರಳು ಕಳೆದುಕೊಂಡವರೂ ಮನೆಯವರು ಮರಳಿ ಸೇರಿಸಿಕೊಳ್ಳದವರೂ ಇರುವತನಕ ಆಶ್ರಯಧಾಮದ ಅಗತ್ಯ ಮುಗಿಯುವುದಿಲ್ಲ. ಸುಮನಹಳ್ಳಿಯು ಅಂಗವಿಕಲರು, ನಿರ್ಗತಿಕ ಮಕ್ಕಳು ಮೊದಲಾದವರ ಸೇವೆಗೂ ತನ್ನ ಕಾರ್ಯವನ್ನು ವಿಸ್ತರಿಸಿತು. ಗುತ್ತಿಗೆಯ ಅವಧಿ ಮುಗಿದ ಬಳಿಕ, ನಗರ ಬೆಳೆದು ಬೆಲೆ ಏರಿದ ಆ ಜಮೀನಿನ ಭವಿಷ್ಯವು ಸಾರ್ವಜನಿಕ ವಿವಾದದ ವಿಷಯವಾಯಿತು.

ಬೀದಿಮಕ್ಕಳು ಮತ್ತು ಇತರ ಕ್ಷೇತ್ರಗಳು

ಸಲೇಸಿಯನ್ ಸಂಘದವರು 1980ರಲ್ಲಿ ಆರಂಭಿಸಿದ ‘ಬಾಸ್ಕೊ’ ಸಂಸ್ಥೆಯ ಹೆಸರು ‘ಬೆಂಗಳೂರು ಓಣಿಯವರ ಸೇವಾ ಕೂಟ’ ಎಂಬ ಕನ್ನಡ ಪದಪುಂಜದ ಸಂಕ್ಷಿಪ್ತ ರೂಪ. ಅದು ಸಂಘದ ಸ್ಥಾಪಕ ಡಾನ್ ಬಾಸ್ಕೊ ಅವರ ಹೆಸರನ್ನೂ ಸೂಚಿಸುತ್ತದೆ. ರೈಲು ಮತ್ತು ಬಸ್ ನಿಲ್ದಾಣಗಳಲ್ಲಿ ಇಳಿಯುವ, ಮನೆಬಿಟ್ಟು ಬಂದ ಮಕ್ಕಳನ್ನು ಗುರುತಿಸಿ ರಕ್ಷಿಸುವುದು ಇದರ ಕೆಲಸ. ಕಮಿಲಿಯನ್ ಸಂಘದ ‘ಸ್ನೇಹದಾನ’ವು ಎಚ್‌ಐವಿ ಸೋಂಕಿತರ ಆರೈಕೆಗೆ ಮೀಸಲಾದ ಬೆಂಗಳೂರಿನ ಕೇಂದ್ರ. ಮುಂಡಗೋಡಿನಲ್ಲಿ ಯೇಸುಸಭೆಯ ಲೊಯೊಲಾ ವಿಕಾಸ ಕೇಂದ್ರವು ಸಿದ್ದಿ ಮತ್ತು ಲಂಬಾಣಿ ಸಮುದಾಯಗಳ ನಡುವೆ ಶಿಕ್ಷಣ ಮತ್ತು ಸಂಘಟನೆಯ ಕೆಲಸ ಮಾಡುತ್ತಿದೆ. ಕೋವಿಡ್ ಕಾಲದಲ್ಲಿ ಸೋಂಕಿನ ಭಯದಿಂದ ಬಂಧುಗಳೂ ಹತ್ತಿರ ಬಾರದಿದ್ದಾಗ, ಬೆಂಗಳೂರಿನ ಕಥೋಲಿಕ ಸ್ವಯಂಸೇವಕರ ತಂಡವೊಂದು ಶವಸಂಸ್ಕಾರದ ಹೊಣೆ ಹೊತ್ತಿತು. ಏಳು ದಯಾಕಾರ್ಯಗಳಲ್ಲಿ ಕೊನೆಯದು ಹೀಗೆ ಮತ್ತೆ ಅಗತ್ಯವಾಯಿತು.

ತುಮಕೂರು ಸೀಮೆ

ತುಮಕೂರು ಜಿಲ್ಲೆ ಬೆಂಗಳೂರು ಮಹಾಧರ್ಮಕ್ಷೇತ್ರದ ವ್ಯಾಪ್ತಿಗೆ ಸೇರಿದೆ. ತಿಪಟೂರಿನ ಮುಂದಿನ ಅರಸೀಕೆರೆಯಿಂದ ಚಿಕ್ಕಮಗಳೂರು ಧರ್ಮಕ್ಷೇತ್ರ ಆರಂಭವಾಗುತ್ತದೆ. ಸಂಪಿಗೆ, ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಕಥೋಲಿಕರ ಸಂಖ್ಯೆ ಅತ್ಯಲ್ಪ. ಈ ಜಿಲ್ಲೆಯ ಹಳೆಯ ಮಿಷನ್ ಕೆಲಸವೆಂದು ಜನರು ನೆನೆಯುವುದು ಹೆಚ್ಚಾಗಿ ಗುಬ್ಬಿ ಮತ್ತು ತುಮಕೂರುಗಳಲ್ಲಿ ನೆಲೆಸಿದ್ದ ವೆಸ್ಲಿಯನ್ ಪ್ರಾಟೆಸ್ಟಂಟರದು; ಅದನ್ನು ಕಥೋಲಿಕರ ಕೆಲಸವೆಂದು ಭಾವಿಸುವುದು ಸರಿಯಲ್ಲ. ಇಲ್ಲಿ ಅನ್ನ, ಅಕ್ಷರ, ಆಶ್ರಯಗಳ ಸಾರ್ವಜನಿಕ ಮಾದರಿಯೆಂದರೆ ಸಿದ್ಧಗಂಗಾ ಮಠದ ತ್ರಿವಿಧ ದಾಸೋಹ. ಧಾರ್ಮಿಕ ಸಂಸ್ಥೆಯೊಂದು ಎಲ್ಲ ಜಾತಿ ಮತಗಳ ಮಕ್ಕಳಿಗೆ ಬಾಗಿಲು ತೆರೆದಿಡಬೇಕೆಂಬ ನಿರೀಕ್ಷೆ ಈ ಸೀಮೆಯಲ್ಲಿ ಮಠದಿಂದಲೇ ರೂಢವಾಗಿದೆ. ಚರ್ಚಿನ ಸಂಸ್ಥೆಗಳನ್ನೂ ಜನರು ಅದೇ ಅಳತೆಗೋಲಿನಿಂದ ಅಳೆಯುವುದು ಸಹಜ.

ಇಲ್ಲಿನ ಜನರಿಗೆ ಕಥೋಲಿಕ ಸೇವೆಯ ಪರಿಚಯವು ಸ್ಥಳೀಯ ಚರ್ಚಿಗಿಂತ ಹೆಚ್ಚಾಗಿ ಬೆಂಗಳೂರಿನ ಆಸ್ಪತ್ರೆಗಳ ಮೂಲಕ ಆಗುವಂಥದು. ತುಮಕೂರು, ತಿಪಟೂರುಗಳನ್ನು ಹಾದುಹೋಗುವ ಬೆಂಗಳೂರು–ಅರಸೀಕೆರೆ ರೈಲುಮಾರ್ಗವು ಈ ಸೀಮೆಯ ರೋಗಿಗಳನ್ನು ರಾಜಧಾನಿಗೆ ಜೋಡಿಸಿದೆ.

ಕಾನೂನು ಮತ್ತು ಸರ್ಕಾರ

ಸಂವಿಧಾನದ 25ನೆಯ ವಿಧಿಯು ಧರ್ಮವನ್ನು ಪಾಲಿಸುವ ಮತ್ತು ಪ್ರಸಾರ ಮಾಡುವ ಸ್ವಾತಂತ್ರ್ಯವನ್ನು, 26ನೆಯ ವಿಧಿಯು ಧಾರ್ಮಿಕ ಹಾಗೂ ಧರ್ಮಾರ್ಥ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕನ್ನು, 30ನೆಯ ವಿಧಿಯು ಅಲ್ಪಸಂಖ್ಯಾತರು ಶಿಕ್ಷಣ ಸಂಸ್ಥೆಗಳನ್ನು ನಡೆಸುವ ಹಕ್ಕನ್ನು ನೀಡಿವೆ. ಮೊದಲಿನ ಎರಡು ಹಕ್ಕುಗಳು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ ಮತ್ತು ಆರೋಗ್ಯಕ್ಕೆ ಒಳಪಟ್ಟಿವೆ. ಕರ್ನಾಟಕದ ಟಿ. ಎಂ. ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರ ಪೀಠವು 2002ರಲ್ಲಿ ನೀಡಿದ ತೀರ್ಪು 30ನೆಯ ವಿಧಿಯ ವ್ಯಾಪ್ತಿಯನ್ನು ವಿವರಿಸಿತು. ವೈದ್ಯಕೀಯ ಪ್ರವೇಶಕ್ಕೆ ನೀಟ್ ಪರೀಕ್ಷೆಯು ಅಲ್ಪಸಂಖ್ಯಾತರ ಕಾಲೇಜುಗಳಿಗೂ ಅನ್ವಯಿಸುತ್ತದೆಂದು ಅದೇ ನ್ಯಾಯಾಲಯ 2020ರಲ್ಲಿ ತೀರ್ಮಾನಿಸಿತು.

ವಿದೇಶಿ ದೇಣಿಗೆಯನ್ನು ಹಿಂದೆ 1976ರ ಕಾಯಿದೆಯು ನಿಯಂತ್ರಿಸುತ್ತಿತ್ತು; ಈಗ ಅದರ ಸ್ಥಾನದಲ್ಲಿ ಬಂದ 2010ರ ಕಾಯಿದೆಯು ನಿಯಂತ್ರಿಸುತ್ತದೆ. 2020ರ ತಿದ್ದುಪಡಿಯು ಆಡಳಿತ ವೆಚ್ಚದ ಮಿತಿಯನ್ನು ಶೇ. 50ರಿಂದ ಶೇ. 20ಕ್ಕೆ ಇಳಿಸಿತು, ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು. ದೊಡ್ಡ ಸಂಸ್ಥೆಯ ಮೂಲಕ ಹಣ ಪಡೆಯುತ್ತಿದ್ದ ಸಣ್ಣ ಗ್ರಾಮೀಣ ಕೇಂದ್ರಗಳಿಗೆ ಇದರಿಂದ ತೊಡಕಾಯಿತು. ತಿದ್ದುಪಡಿಯ 2022ರ ಪರಿಶೀಲನೆಯಲ್ಲಿ ಸುಪ್ರೀಂ ಕೋರ್ಟು ವಿದೇಶಿ ದೇಣಿಗೆ ಪಡೆಯುವುದು ನಿರಂಕುಶ ಹಕ್ಕಲ್ಲವೆಂದು ಹೇಳಿ ಅದನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು.

ಇನ್ನೊಂದು ಕಡೆ, 2003ರ ಯಶಸ್ವಿನಿ ಮತ್ತು 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಂಥ ಯೋಜನೆಗಳು ಬಡವರ ಚಿಕಿತ್ಸೆಯ ವೆಚ್ಚವನ್ನು ಸರ್ಕಾರ ಅಥವಾ ಸಹಕಾರಿ ನಿಧಿ ಭರಿಸುವ ವ್ಯವಸ್ಥೆಯನ್ನು ತಂದವು. ಹಿಂದೆ ದಯೆಯಿಂದ ದೊರೆಯುತ್ತಿದ್ದ ಚಿಕಿತ್ಸೆಯನ್ನು ರೋಗಿಯು ಕಾರ್ಡು ತೋರಿಸಿ ಹಕ್ಕಿನಿಂದ ಪಡೆಯುವಂತಾದುದು ಧರ್ಮಾರ್ಥ ಆಸ್ಪತ್ರೆಗಳ ಸ್ವರೂಪದ ಮೇಲೆಯೂ ಪರಿಣಾಮ ಬೀರುವ ಬದಲಾವಣೆ.

ವಿವಾದ ಮತ್ತು ಟೀಕೆ

ಸೇವೆಯ ಮರೆಯಲ್ಲಿ ಮತಾಂತರ ನಡೆಯುತ್ತದೆಂಬ ಆರೋಪವು ಅತ್ಯಂತ ಪ್ರಮುಖವಾದುದು. ಪ್ರಸಾರದ ಹಕ್ಕು ಇನ್ನೊಬ್ಬನನ್ನು ಮತಾಂತರಿಸುವ ಹಕ್ಕನ್ನು ಒಳಗೊಂಡಿಲ್ಲವೆಂದು ಸುಪ್ರೀಂ ಕೋರ್ಟು 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ತೀರ್ಪಿತ್ತಿತು. 2008ರ ಸೆಪ್ಟೆಂಬರಿನಲ್ಲಿ ಮಂಗಳೂರು ಮತ್ತು ಸುತ್ತಮುತ್ತಲ ಪ್ರಾರ್ಥನಾಲಯಗಳ ಮೇಲೆ ದಾಳಿಗಳು ನಡೆದಾಗ ರಾಜ್ಯ ಸರ್ಕಾರವು ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಅವರ ಆಯೋಗವನ್ನು ನೇಮಿಸಿತು. 2022ರ ಕರ್ನಾಟಕ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯಿದೆಯು ‘ಆಮಿಷ’ದ ವ್ಯಾಖ್ಯೆಯಲ್ಲಿ ಧಾರ್ಮಿಕ ಸಂಸ್ಥೆಗಳು ನಡೆಸುವ ಶಾಲೆ ಕಾಲೇಜುಗಳಲ್ಲಿನ ಉಚಿತ ಶಿಕ್ಷಣವನ್ನೂ ಸೇರಿಸಿತು. ಬಲವಂತ ಹಾಗೂ ವಂಚನೆಗಳಿಂದ ದುರ್ಬಲರನ್ನು ರಕ್ಷಿಸಲು ಇದು ಅಗತ್ಯವೆಂದು ಕಾಯಿದೆಯ ಸಮರ್ಥಕರು ವಾದಿಸಿದರು. ಇಂಥ ವ್ಯಾಖ್ಯೆಯಿಂದ ಬಡಮಗುವಿಗೆ ಶುಲ್ಕ ಮನ್ನಾ ಮಾಡುವುದೂ ಸಂಶಯಕ್ಕೆ ಗುರಿಯಾಗುತ್ತದೆಂದು ಧರ್ಮಾಧ್ಯಕ್ಷರು ಮತ್ತು ನಾಗರಿಕ ಹಕ್ಕುಗಳ ಸಂಘಟನೆಗಳು ವಿರೋಧಿಸಿದವು. 2023ರ ಜೂನ್‌ನಲ್ಲಿ ರಾಜ್ಯ ಸಚಿವ ಸಂಪುಟವು ಈ ಕಾಯಿದೆಯನ್ನು ಹಿಂಪಡೆಯಲು ನಿರ್ಧರಿಸಿತು.

ಬೇರೆ ಬಗೆಯ ಟೀಕೆಗಳೂ ಇವೆ. ನಗರಗಳ ಪ್ರತಿಷ್ಠಿತ ಕಥೋಲಿಕ ಶಾಲೆಗಳು ಉಳ್ಳವರ ಮಕ್ಕಳಿಗೇ ಹೆಚ್ಚು ದೊರಕುತ್ತವೆ ಎಂಬುದು ಒಂದು. ಶಿಕ್ಷಣ ಹಕ್ಕು ಕಾಯಿದೆಯಿಂದ ಅಲ್ಪಸಂಖ್ಯಾತರ ಶಾಲೆಗಳಿಗೆ ಸುಪ್ರೀಂ ಕೋರ್ಟು 2014ರಲ್ಲಿ ವಿನಾಯಿತಿ ನೀಡಿದ ಬಳಿಕ, ಶೇ. 25ರ ಬಡಮಕ್ಕಳ ಮೀಸಲಿನಿಂದ ಅವು ಹೊರಗುಳಿದುದು ಈ ಟೀಕೆಗೆ ಬಲ ಕೊಟ್ಟಿತು. ದೊಡ್ಡ ಆಸ್ಪತ್ರೆಗಳ ದರಗಳು ಧರ್ಮಾರ್ಥ ಎಂಬ ಮಾತಿಗೆ ಒಪ್ಪುವಂತಿವೆಯೇ ಎಂಬ ಪ್ರಶ್ನೆ ಇನ್ನೊಂದು. ಉಪಕಾರ ಪಡೆದವರನ್ನು ಸದಾ ಋಣಿಗಳನ್ನಾಗಿ ಇರಿಸುವ ಸೇವೆಗಿಂತ ಅವರ ಹಕ್ಕಿಗಾಗಿ ಹೋರಾಡುವುದು ಮೇಲು ಎಂಬ ಅಭಿಪ್ರಾಯವು ಧರ್ಮಸಭೆಯ ಒಳಗಿನಿಂದಲೇ ಕೇಳಿಬಂದಿದೆ.

ಪ್ರಸ್ತುತ ಸ್ಥಿತಿ

ಒಂದು ಕಾಲಕ್ಕೆ ಸಂಬಳವಿಲ್ಲದೆ ದುಡಿಯುವ ಕನ್ಯಾಸ್ತ್ರೀಯರು ಈ ಸಂಸ್ಥೆಗಳ ವೆಚ್ಚವನ್ನು ತಗ್ಗಿಸಿದ್ದರು. ಕುಟುಂಬಗಳು ಚಿಕ್ಕದಾದಂತೆ ಕರಾವಳಿಯಲ್ಲಿ ಕನ್ಯಾಮಠಗಳಿಗೆ ಸೇರುವವರು ಕಡಿಮೆಯಾಗಿ, ಸಂಬಳದ ನೌಕರರ ಪಾಲು ಹೆಚ್ಚುತ್ತಿದೆ. ಯಂತ್ರೋಪಕರಣಗಳ ಬೆಲೆ ಮತ್ತು ಪ್ರಮಾಣೀಕರಣದ ಖರ್ಚುಗಳೂ ಏರಿವೆ. ಹಣ ಕೊಡಬಲ್ಲ ರೋಗಿಯಿಂದ ಪಡೆದು ಕೊಡಲಾರದವನಿಗೆ ವಿನಿಯೋಗಿಸುವ ಹಳೆಯ ಲೆಕ್ಕಾಚಾರವು ಖಾಸಗಿ ಆಸ್ಪತ್ರೆಗಳ ಪೈಪೋಟಿಯಲ್ಲಿ ಕಷ್ಟವಾಗುತ್ತಿದೆ. ಹಾಗಿದ್ದರೂ ಆದಾಯ ತಾರದ ಕ್ಷೇತ್ರಗಳಾದ ಕುಷ್ಠರೋಗ ವಾಸಿಯಾದವರ ಆಶ್ರಯ, ನಿರ್ಗತಿಕ ವೃದ್ಧರ ಪಾಲನೆ, ಮರಣಾಸನ್ನರ ಉಪಶಾಮಕ ಆರೈಕೆ ಮತ್ತು ಬೀದಿಮಕ್ಕಳ ರಕ್ಷಣೆಗಳಲ್ಲಿ ಕಥೋಲಿಕ ಸಂಸ್ಥೆಗಳು ಇಂದಿಗೂ ಕೆಲಸ ಮುಂದುವರಿಸಿವೆ.